ಸಾರವಾಡದ ಬ್ಯಾನರೂ ನನ್ನ ಉಳಿದ ಪೇಪರೂ

ಒಂದು ಊರಿನಲ್ಲಿ ಒಬ್ಬಳು ಇಂಗ್ಲಿಷ್ ಎಂ.ಎ. ಓದಲು ಹೊರಟರೆ ಓದುವವಳು ಒಬ್ಬಳೇ, ಪೇಚಿಗೆ ಸಿಕ್ಕುವವರು ಮಾತ್ರ ಹತ್ತು ಮಂದಿ. ನನ್ನ ಬೆನ್ನಿಗಂತೂ ಇಂಥ ಪೇಚುಗಳು ಒಂದಾದ ಮೇಲೊಂದು ಹತ್ತಿಕೊಂಡೇ ಬಂದವು.

ನಾನು ಸಾರವಾಡದವಳು. ಕಲಿತದ್ದು ಕನ್ನಡ ಸಾಲಿ. ಅಲ್ಲಿ ಇಂಗ್ಲಿಷ್ ಅಂದರೆ ಗೈಡು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಕಕ್ಕಿ ಬರುವ ವಿಷಯ. ಬಿ.ಎ. ಮುಗಿದಾಗ ಕಾಲೇಜಿನ ಮೇಡಂ ಒಬ್ಬರು, "ನಿನ್ನ ಕೈಲೆ ಇಂಗ್ಲಿಷ್ ಆಗೂದಿಲ್ಲವಾ, ಬ್ಯಾರೆ ಏನರ ತಗೊ" ಅಂದರು. ಅವರು ಹಾಗೆ ಅಂದದ್ದಕ್ಕೇ ಇಂಗ್ಲಿಷ್ ತಗೊಂಡೆ. ನಮ್ಮವ್ವ ಹೇಳುವಂತೆ ನನ್ನದು ಎಮ್ಮೆಯ ಹಟ, ಹಗ್ಗ ಹರಿದರೂ ನಿಂತ ಜಾಗ ಬಿಡುವುದಿಲ್ಲ.

ವಿಜಯಪುರದಲ್ಲಿ ಎಂ.ಎ. ಸೇರಿದೆ. ಕಥೆ, ಕವಿತೆ, ನಾಟಕ ಹೇಗೋ ದಾಟಿದವು. ಕಾಲಿಗೆ ತೊಡರಿದ್ದು ವ್ಯಾಕರಣ ಮತ್ತು ಪದರಚನೆಯ ಪೇಪರು. ಉದ್ದನೆಯ ಇಂಗ್ಲಿಷ್ ಪದವೊಂದನ್ನು ಕಬ್ಬಿನ ಜಲ್ಲೆಯಂತೆ ಗೆಣ್ಣು ಗೆಣ್ಣಿಗೆ ಕಡಿದು, ಮೂಲ ಯಾವುದು, ಮುಂದೆ ಅಂಟಿದ್ದು ಯಾವುದು, ಹಿಂದೆ ಅಂಟಿದ್ದು ಯಾವುದು ಎಂದು ತೋರಿಸಬೇಕು. ಅಷ್ಟಕ್ಕೇ ಬಿಡುವುದಿಲ್ಲ, ಗಿಡದ ಚಿತ್ರ ಬೇರೆ ಬರೆಯಬೇಕು. ತುದಿಯಲ್ಲಿ ಇಡೀ ಪದ, ಅದರ ಕೆಳಗೆ ಟೊಂಗೆ ಟೊಂಗೆಯಾಗಿ ತುಂಡುಗಳು. ಆ ಗಿಡದ ನೆರಳಿನಲ್ಲಿ ನಾನು ಪಟ್ಟ ಪಾಡು ಇದು.

ಶೋಕಸಭೆ

ಮೊದಲ ವರ್ಷದಲ್ಲಿ ನಮಗೆ ಆ ವ್ಯಾಕರಣ ಕಲಿಸುವ ಸರ್ ಒಂದು ಕಾಯಿದೆ ಮಾಡಿದರು. ಸೋಮವಾರ ತರಗತಿಯೊಳಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವಂತಿಲ್ಲ, ಆಡಿದವರು ಎಲ್ಲರಿಗೂ ಚಹಾ ಕುಡಿಸಬೇಕು. ನಾವೆಲ್ಲ ತಿಕೋಟಾ, ಬಬಲೇಶ್ವರ ಕಡೆಯ ಒಕ್ಕಲುತನದ ಮನೆಗಳ ಮಕ್ಕಳು. ಎದುರಿಗೆ ಹಾವು ಬಂದರೆ ಇಂಗ್ಲಿಷಿನಲ್ಲಿ ಕೂಗುವ ಧೈರ್ಯ ಯಾರಿಗೂ ಇರಲಿಲ್ಲ.

ಸೋಮವಾರ ಬಂತು. ಸರ್ ಬರುವುದು ತಡವಾಯಿತು. ನಾವೆಲ್ಲ ತಲೆ ತಗ್ಗಿಸಿಕೊಂಡು ಪಿಟ್ಟೆನ್ನದೆ ಕೂತೆವು. ಪಕ್ಕದ ಕೋಣೆಯ ಇತಿಹಾಸದ ಸರ್ ದಿನಾಲು ನಮ್ಮ ಗದ್ದಲಕ್ಕೆ ಬೈಯುವವರು. ಅವತ್ತು ಸದ್ದೇ ಇಲ್ಲದ್ದಕ್ಕೆ ಗಾಬರಿಯಾಗಿ ಬಾಗಿಲಲ್ಲಿ ಇಣುಕಿದರು. ಬಾಡಿದ ಮುಖಗಳನ್ನು ನೋಡಿ ಕನ್ನಡಕ ತೆಗೆದು ಮೆಲ್ಲಗೆ ಒಳಗೆ ಬಂದು, ಕೈ ಕಟ್ಟಿ ತಲೆ ಬಾಗಿಸಿ ನಿಂತರು. ಸರ್ ಬಂದರೆಂದು ನಾವೂ ಎದ್ದು ನಿಂತೆವು. ಹೀಗೆ ಎಲ್ಲರೂ ತಲೆ ತಗ್ಗಿಸಿ ಸ್ವಲ್ಪ ಹೊತ್ತು ನಿಂತದ್ದಾಯಿತು.

ಆಮೇಲೆ ಅವರು ಮುಂದಿನ ಬೆಂಚಿನಲ್ಲಿದ್ದ ನನ್ನನ್ನು ಸಣ್ಣ ದನಿಯಲ್ಲಿ ಕೇಳಿದರು, "ಯಾರವಾ?"

ಕನ್ನಡದಲ್ಲಿ ಹೇಳಿದರೆ ಚಹಾ ನನ್ನ ತಲೆಗೆ, ಇಂಗ್ಲಿಷಿನಲ್ಲಿ ಹೇಳಲು ಬಾಯಿ ಏಳಲಿಲ್ಲ. ಎಲ್ಲ ನಮ್ಮ ಸರ್ ಮಾಡಿದ ಕಾಯಿದೆ ಎಂದು ತಿಳಿಸಲು ಸರ್ ಕೂಡುವ ಖಾಲಿ ಕುರ್ಚಿಯ ಕಡೆಗೆ ಬೆರಳು ತೋರಿಸಿದೆ.

ಇತಿಹಾಸದ ಸರ್ ಧೊಪ್ಪನೆ ಬೆಂಚಿನ ಮೇಲೆ ಕೂತರು. "ಅಯ್ಯ ಶಿವನ! ಈಗರೆ ನನ್ನ ಕೂಡ ಅವಲಕ್ಕಿ ತಿಂದು ಹ್ವಾದನಲ್ಲೋ ಮಾರಾಯ!"

ಅಷ್ಟರಲ್ಲಿ ಸತ್ತವರು ಹಾಜರಿ ಪುಸ್ತಕ ಹಿಡಿದುಕೊಂಡು ಬಾಗಿಲಲ್ಲಿ ಬಂದು ನಿಂತರು. ತರಗತಿಯೊಳಗೆ ಕನ್ನಡ ಮಾತಾಡಿದವರು ಒಬ್ಬರೇ ಆದ್ದರಿಂದ ಆ ದಿನದ ಚಹಾ ಇತಿಹಾಸ ವಿಭಾಗದ್ದು.

ಅಣ್ಣನ ಅಭಿನಂದನೆ

ಎರಡು ವರ್ಷ ಕಳೆದು ಕೊನೆಯ ಪರೀಕ್ಷೆ ಬರೆದು ಹೊರಗೆ ಬಂದವಳೇ ಅಣ್ಣನಿಗೆ ಫೋನ್ ಮಾಡಿ, "ಮುಗೀತಣ್ಣಾ" ಅಂದೆ. ನಮ್ಮಣ್ಣ ಹೊಲ ಮಾಡುವವನು, ಟ್ರ್ಯಾಕ್ಟರ್ ಹೊಡೆಯುವವನು, ಊರಿನ ಹುಡುಗರಿಗೆಲ್ಲ ಮುಂದಾಳು. ಅವನ ಲೆಕ್ಕದಲ್ಲಿ ಬರೆದದ್ದೂ ಪಾಸಾದದ್ದೂ ಒಂದೇ. ಅವತ್ತು ಯಾರೋ ಮುಖಂಡರ ಹುಟ್ಟುಹಬ್ಬದ ಬ್ಯಾನರ್ ಮಾಡಿಸಲು ಬಬಲೇಶ್ವರಕ್ಕೆ ಹೋಗಿದ್ದ. ಹೇಗೂ ಬಂದಿದ್ದೇನೆ ಎಂದು ನನ್ನದೂ ಒಂದು ಮಾಡಿಸಿಬಿಟ್ಟ.

ನಾನು ಊರಿಗೆ ಬಂದು ಇಳಿದರೆ ಬಸ್ ನಿಲ್ದಾಣದ ಎದುರಿಗೇ ನಾನು. "ಇಂಗ್ಲಿಷ್ ಎಂ.ಎ. ತೇರ್ಗಡೆಯಾದ ನಮ್ಮೂರಿನ ಮೊದಲ ಹೆಣ್ಣುಮಗಳಿಗೆ ಹಾರ್ದಿಕ ಅಭಿನಂದನೆಗಳು." ಕೆಳಗೆ ಅಣ್ಣ ಮತ್ತು ಅವನ ಗೆಳೆಯರು ಸಾಲಾಗಿ ಕರಿ ಕನ್ನಡಕ ಹಾಕಿಕೊಂಡಿದ್ದರು. ನನ್ನ ಫೋಟೋ ಯಾರದೋ ಮದುವೆಯಲ್ಲಿ ಅಕ್ಕಿಕಾಳು ಹಾಕುವಾಗ ತೆಗೆದದ್ದು. ಕೈ ಮೇಲೆ ಎತ್ತಿದ್ದರಿಂದ ಇಡೀ ಸಾರವಾಡಕ್ಕೆ ನಾನೇ ಆಶೀರ್ವಾದ ಮಾಡುವಂತೆ ಕಾಣುತ್ತಿತ್ತು.

ಅವ್ವ ಓಣಿಗೆಲ್ಲ ಪೇಢೆ ಹಂಚಿದಳು. ಘೋಣಸಗಿಯಿಂದ ಸೋದರಮಾವ ಶಾಲು, ತೆಂಗಿನಕಾಯಿ ಹಿಡಿದುಕೊಂಡು ಬಂದ. ಅದಾಗಿ ಕೆಲವು ದಿನಕ್ಕೆ ಫಲಿತಾಂಶ ಬಂತು. ಎಲ್ಲದರಲ್ಲೂ ಪಾಸು, ವ್ಯಾಕರಣದ ಪೇಪರಿನಲ್ಲಿ ಫೇಲು.

ಬಾಗಿಲು ಹಾಕಿಕೊಂಡು ಮನೆಯಲ್ಲಿ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಅಣ್ಣಾ, ನಿನ್ನ ಕಾಲ ಬೀಳತೇನಿ, ಆ ಬ್ಯಾನರ್ ತಗೀ" ಅಂದೆ.

"ತಗದ್ರ ಯಾಕ ತಗದಿ ಅಂತ ಮಂದಿ ಕೇಳತಾರ. ಬ್ಯಾನರ್ ಅಲ್ಲೇ ಇರ್ಲಿ. ನೀನ ಅದರ ಮಟ್ಟಕ್ಕ ಬಾ" ಅಂದ ಅಣ್ಣ.

ಒಂದು ದಿನ ನಾಚಿಕೆಯಿಂದ ಮುಖ ಮುಚ್ಚಿಕೊಂಡು ಮಲಗಿದೆ. ಮರುದಿನ ನಾಚಿಕೆ ಹೋಗಿ ಸಿಟ್ಟು ಬಂತು. ಮುಂದಿನ ಪರೀಕ್ಷೆಯಲ್ಲಿ ನಾನು ಪಾಸಾಗದಿದ್ದರೆ ಬ್ಯಾನರು ಸುಳ್ಳು, ಪೇಢೆ ಸುಳ್ಳು, ಮಾವನ ಶಾಲು ಸುಳ್ಳು. ಮನೆಯ ಮೂವರ ಬಾಯಿ ಬಿಟ್ಟು ಸುದ್ದಿ ಹೊರಗೆ ಹೋಗಕೂಡದು ಎಂದು ಮಾತಾಯಿತು. ನಾನು ಸೊಂಟ ಕಟ್ಟಿ ನಿಂತೆ.

ಊದಿಸಿಕೊಳ್ಳುವವರು

ದಿನಾಲು ವಿಜಯಪುರದ ಗ್ರಂಥಾಲಯಕ್ಕೆ ಹೋಗತೊಡಗಿದೆ. ಬಬಲೇಶ್ವರದ ಕಡೆಯಿಂದ ಬರುವ ಬಸ್ಸು ನಮ್ಮೂರಿಗೆ ಬರುವಷ್ಟರಲ್ಲಿ ತುಂಬಿ ತುಳುಕುತ್ತದೆ. ಹೊತ್ತು ಹಾಳು ಮಾಡಬಾರದೆಂದು ಮೇಲಿನ ಸರಳು ಹಿಡಿದು, ಕಣ್ಣು ಮುಚ್ಚಿ, ಪದದ ತುಂಡುಗಳನ್ನು ಬಾಯಲ್ಲೇ ಹೇಳಿಕೊಳ್ಳುತ್ತ ನಿಲ್ಲುತ್ತಿದ್ದೆ.

ಒಂದು ದಿನ ಮುದುಕಿಯೊಬ್ಬಳು ಸರಿದು ಜಾಗ ಕೊಟ್ಟಳು. "ಕುಂಡ್ರ ಬಾ ನನ್ನವ್ವ." ಆಮೇಲೆ ಪಕ್ಕದವಳ ಕಿವಿಯಲ್ಲಿ, "ಬ್ಯಾನರ್ನ್ಯಾಗ ಕೈ ಎತ್ತಿ ನಿಂತಾಳ ನೋಡು, ಅಕೀನ ಈಕಿ. ಎಷ್ಟ ಭಕ್ತಿಲೆ ಮಂತ್ರಾ ಹೇಳಾಕತ್ತಾಳ!" ಅಂದಳು.

ಮರುದಿನ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. "ಕೂಸು ಬೆದರೇತವಾ, ಅಳೂದ ಬಿಡವಲ್ದು. ಒಂದೀಟ ಮಂತ್ರಿಸಿ ಊದು."

"ಆಯಿ, ಅದು ಮಂತ್ರ ಅಲ್ಲಬೇ, ಇಂಗ್ಲಿಷ್ ವ್ಯಾಕರಣ."

"ಯಾ ದೇವ್ರದರ ಆಗ್ಲೇಳು, ನೀ ಊದು."

ಕಂಡಕ್ಟರ್ ಕೂಡ, "ಊದಿಬಿಡ್ರಿ ಮೇಡಂ, ಕೂಸಿನ ಅಳು ಕೇಳಿ ಕೇಳಿ ತಲಿ ಸಿಡ್ಯಾಕತ್ತೈತಿ" ಅಂದ. ಬಾಯಿಗೆ ಬಂದ ಒಂದು ಉದ್ದನೆಯ ಪದವನ್ನು ನಾಲ್ಕು ತುಂಡು ಮಾಡಿ ಊದಿದೆ. ಬಸ್ಸಿನ ತೂಗಾಟಕ್ಕೆ ಕೂಸು ನಿದ್ದೆ ಹೋಯಿತು. ಕೀರ್ತಿ ಮಾತ್ರ ನನಗೆ ಬಂತು.

ಅಂದಿನಿಂದ ನನ್ನ ಸೀಟು ಯಾವತ್ತೂ ಖಾಲಿ. ನಾನೂ ಬೇಡವೆನ್ನಲಿಲ್ಲ, ಕೂತು ಓದಿದರೆ ಹೆಚ್ಚು ತಲೆಗೆ ಹತ್ತುತ್ತದೆ. ಆದರೆ ಒಂದು ಮುಂಜಾನೆ ಬಸ್ಸು ನಮ್ಮೂರ ನಿಲ್ದಾಣದಲ್ಲೇ ಕೆಟ್ಟು ನಿಂತಿತು. ಗಂಡಸರೆಲ್ಲ ಇಳಿದು ನೂಕಿದರೂ ಜಗ್ಗಲಿಲ್ಲ. ಕಂಡಕ್ಟರ್ ನನ್ನ ಕಿಟಕಿಯ ಹತ್ತಿರ ಬಂದು ಕೈ ಹೊಸಕುತ್ತ ಹೇಳಿದ, "ಮೇಡಂ, ತಪ್ಪ ತಿಳ್ಕೊಬ್ಯಾಡ್ರಿ. ಡ್ರೈವರ್ ಬಾನೆಟ್ ತಗದ ಇಟ್ಟಾರ. ಒಂದೀಟ ಬಂದು ಊದ್ತೀರೇನ್ರಿ?"

ಜಲನಗರದ ರಂಗೋಲಿ

ಪರೀಕ್ಷೆ ಹತ್ತಿರ ಬಂದಾಗ ವಿಜಯಪುರದ ಜಲನಗರದಲ್ಲಿರುವ ಚಿಗವ್ವನ ಮನೆಗೆ ಇರಲು ಹೋದೆ. ಚಿಗವ್ವ ಅಂದರೆ ಅವ್ವನ ತಂಗಿ. ಅವಳಿಗೂ ನಿಜ ಹೇಳಿರಲಿಲ್ಲ, "ಇನ್ನೊಂದು ಪರೀಕ್ಷೆ ಐತಿ" ಅಂದಿದ್ದೆ. ಮುಂಜಾನೆ ಗೇಟಿನ ಮುಂದೆ ನೀರು ಹೊಡೆದು ರಂಗೋಲಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಅಷ್ಟು ಹೊತ್ತು ಓದು ಬಿಡಲು ನನಗೆ ಮನಸ್ಸಿಲ್ಲ. ಚುಕ್ಕಿಯಿಟ್ಟು ಬಳ್ಳಿ ಬರೆಯುವ ಬದಲು ಪದದ ಗಿಡವನ್ನೇ ಬರೆದೆ. ತುಂಡುಗಳ ಜಾಗದಲ್ಲಿ ಅಕ್ಷರ ಬರೆದರೆ ಚಿಗವ್ವ ಬೈದಾಳೆಂದು ಒಂದೊಂದು ತುಂಡಿಗೆ ಒಂದೊಂದು ಹೂವು. ಮೂಲಕ್ಕೆ ಕಮಲ, ಅಂಟಿದ್ದಕ್ಕೆ ಮಲ್ಲಿಗೆ. ತುದಿಯಲ್ಲಿ ಇಡೀ ಪದ ಮಾತ್ರ ಸಣ್ಣ ಅಕ್ಷರದಲ್ಲಿ.

"ಇದ್ಯಾವ ನಮೂನಿ ರಂಗೋಲಿ?" ಅಂದಳು ಚಿಗವ್ವ.

"ಹೊಸಾದು, ಚಿಗವ್ವಾ."

ಹೊಸದು ಅಂದರೆ ಸಾಕು. ಎದುರು ಮನೆಯ ಬ್ಯಾಂಕಿನವರ ಹೆಂಡತಿ ಕೇಳಿ ಹಾಕಿಸಿಕೊಂಡಳು, ಅವಳದನ್ನು ನೋಡಿ ಪಕ್ಕದ ನರ್ಸಮ್ಮ. ಬರಬರುತ್ತ ಓಣಿಯ ಎಲ್ಲ ಗೇಟಿನ ಮುಂದೂ ಗಿಡ ಎದ್ದವು. ಮನೆಗೊಂದು ಪದ ಕೊಡುವ ನೆವದಲ್ಲಿ ನನಗೂ ತಾಲೀಮು ಆಯಿತು.

ಒಂದು ಮುಂಜಾನೆ ಚಿಗವ್ವನ ಚೀರಾಟ ಕೇಳಿ ಹೊರಗೆ ಓಡಿ ಬಂದೆ. ಮಂಗನ ಟೊಪ್ಪಿಗೆ ಹಾಕಿಕೊಂಡ ಗಂಡಸೊಬ್ಬ ಕೈಯಲ್ಲಿ ಬಡಿಗೆ ಹಿಡಿದು ನಮ್ಮ ರಂಗೋಲಿಯ ಒಂದು ಟೊಂಗೆಯನ್ನು ಕಾಲಿನಿಂದ ಉಜ್ಜುತ್ತ ನಿಂತಿದ್ದ.

"ಹೊತ್ತ ಏಳೂದರಾಗ ಮನಿ ಮುಂದಿನ ರಂಗೋಲಿ ಅಳಸ್ತೀಯೇನೋ ಭಾಡ್ಯಾ!" ಎಂದು ಚಿಗವ್ವ ಕಸಬರಿಗೆ ಎತ್ತಿದ್ದಳು. ಗಂಡಸು ತಲೆ ಎತ್ತಿ ನೋಡಿದ. ವ್ಯಾಕರಣದ ಸರ್! ಬೆಳಗಿನ ತಿರುಗಾಟಕ್ಕೆ ಬಂದವರು.

ಸರ್‌ಗೆ ಕಸಬರಿಗೆಯ ಕಡೆ ಲಕ್ಷ್ಯವೇ ಇರಲಿಲ್ಲ. "ಟೊಂಗಿ ತಪ್ಪೈತವಾ ತಂಗಿ. ಮೊದಲ ಹಿಂದಿಂದು ಹತ್ತಬೇಕು, ಆಮ್ಯಾಲ ಮುಂದಿಂದು" ಎನ್ನುತ್ತ ಕೆಳಗೆ ಕೂತು, ಬಟ್ಟಲಿನಿಂದ ಪುಡಿ ತೆಗೆದುಕೊಂಡು ತಾವೇ ಟೊಂಗೆ ಎಳೆದರು. ಗೆರೆ ನೂಲು ಹಿಡಿದಂತೆ ನೆಟ್ಟಗೆ ಬಂತು. ಚಿಗವ್ವನ ಕಸಬರಿಗೆ ಇಳಿಯಿತು.

"ನೀವು ರಂಗೋಲಿ ಮಾಸ್ತರ್ ಅಂತ ಗೊತ್ತಾಗ್ಲಿಲ್ರಿ ಸರ್. ಒಳಗ ಬರ್ರಿ, ಚಾ ಕುಡೀರಿ."

ಚಹಾ ಕುಡಿದು ಸರ್ ಹೊರಗೆ ಬಂದರೆ ನರ್ಸಮ್ಮ, ಬ್ಯಾಂಕಿನವರ ಹೆಂಡತಿ ಇಬ್ಬರೂ ಬಟ್ಟಲು ಹಿಡಿದುಕೊಂಡು ಸಾಲು ನಿಂತಿದ್ದರು. "ಸರ್, ನಮ್ದೂ ಒಂದ್ಸಲ ನೋಡ್ರಿ!" ಸರ್ ಅವತ್ತು ಇಡೀ ಓಣಿಯ ಉತ್ತರಪತ್ರಿಕೆ ತಿದ್ದಿ ಮನೆಗೆ ಹೋದರು.

ಪೇಢೆ ಯಾವುದರದು

ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ತೆರೆದಾಗ ಕಣ್ಣ ಮುಂದೆ ಓಣಿಯೇ ಬಂದು ನಿಂತಿತು. ಈ ಪದ ನರ್ಸಮ್ಮನ ಗೇಟಿನದು, ಈ ಟೊಂಗೆ ಸರ್ ಕಾಲಿನಿಂದ ಅಳಿಸಿದ್ದು. ಕೈ ನಿಲ್ಲಲಿಲ್ಲ.

ಪಾಸಾದೆ. ಫೋನಿನಲ್ಲಿ ಫಲಿತಾಂಶ ನೋಡಿ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು ಅತ್ತೆ. ಆಮೇಲೆ ಪೇಢೆ ತಗೊಂಡು ಬಸ್ಸು ಹತ್ತಿ, ನಮ್ಮೂರು ಬಂದಾಗ ಇಳಿಯುವ ಮುನ್ನ ಮೊದಲು ನನ್ನ ಮುದುಕಿಗೆ ಕೊಟ್ಟೆ.

"ಯಾವುದರದವಾ ಪೇಢೆ?"

ಎಂ.ಎ. ಪಾಸಾದೆ ಎನ್ನಲು ಬಾಯಿ ತೆರೆದೆ. ಕಿಟಕಿಯಾಚೆ ಬಿಸಿಲಿಗೆ ಬಣ್ಣ ಹೋದ ಬ್ಯಾನರು ಕಂಡಿತು. ಬಾಯಿ ಮುಚ್ಚಿದೆ. ಊರಿಗೆಲ್ಲ ನಾನು ಯಾವಾಗಲೋ ಪಾಸಾದವಳು. ಇಳಿದು ಕಿರಾಣಿ ಅಂಗಡಿಯವನಿಗೆ ಕೊಟ್ಟರೆ, "ಹ್ವಾದ ವರ್ಷದ್ದ ಇನ್ನಾ ಹಂಚಾಕತ್ತೀರೇನ್ರಿ?" ಅಂದ.

ಮನೆಗೆ ಬಂದೆ. ಅವ್ವ ತಬ್ಬಿಕೊಂಡು ಅತ್ತಳು. ನನಗೆ ಮಾತ್ರ ಮೈಯೆಲ್ಲ ಉರಿ. "ಫೇಲ್ ಆದಾಗ ಊರಾಗೆಲ್ಲ ಮೆರಸಿದ್ರಿ. ಈಗ ಖರೇನ ಪಾಸಾಗೇನಿ, ಹೇಳ್ಕೊಳ್ಳಾಕ ಒಬ್ಬರಿಲ್ಲ!"

ಅಣ್ಣ ಒಂದು ಪೇಢೆ ಬಾಯಿಗೆ ಹಾಕಿಕೊಂಡ. ಅವನ ಕಣ್ಣೂ ತೇವವಾಗಿತ್ತು. ಆಮೇಲೆ ಎದ್ದು, "ತಡಿ ನೀ, ಇದಕ್ಕೊಂದು ದಾರಿ ಐತಿ" ಎಂದು ಗಾಡಿ ಹತ್ತಿ ಬಬಲೇಶ್ವರದ ಕಡೆ ಹೋದ.

ಮರುದಿನ ಮುಂಜಾನೆ ನಿಲ್ದಾಣದಲ್ಲಿ ಹೊಸ ಬ್ಯಾನರು. ಅದೇ ಕೈ ಎತ್ತಿದ ಫೋಟೋ, ಅದೇ ಕರಿ ಕನ್ನಡಕಗಳು. ಹಳೆಯ ಬ್ಯಾನರು ಸುಳ್ಳಾಗಬಾರದೆಂದು ಅಣ್ಣ ತಾನೇ ನಿಂತು ಬರೆಸಿದ್ದನಂತೆ. "ಇಂಗ್ಲಿಷ್ ಎಂ.ಎ. ಎರಡನೇ ಸಲವೂ ತೇರ್ಗಡೆಯಾದ ನಮ್ಮೂರಿನ ಮೊದಲ ಹೆಣ್ಣುಮಗಳಿಗೆ ಹಾರ್ದಿಕ ಅಭಿನಂದನೆಗಳು."

ಬಸ್ಸಿನಲ್ಲಿ ಮುದುಕಿ ಪಕ್ಕದವಳಿಂದ ಅದನ್ನು ಓದಿಸಿಕೊಂಡು, ನನ್ನ ಮುಖ ನೋಡಿ ಕೈ ಮುಗಿದಳು. "ಹಟಾ ಅಂದ್ರ ಇದವಾ! ಮಂದಿ ಒಂದ ಸಲ ಪಾಸಾದ್ರ ಸಾಕಂತ ಮನಿ ಹಿಡೀತಾರ. ಈಕಿ ನೋಡ್ರಿ, ಪಾಸಾದ ಮ್ಯಾಲೂ ಬಿಡಲಿಲ್ಲ."