ಇಲಿ ಡಾಕ್ಟ್ರಮ್ಮ ಊರಿಗೆ ಬಂದಾಗ

ನನ್ನ ಕೆಲಸ ಏನೆಂದು ನಮ್ಮ ಕಡೆ ಬಿಡಿಸಿ ಹೇಳಲು ಹೋದಾಗಲೆಲ್ಲ ಗೆದ್ದಿರುವುದು ಕೇಳಿದವರೇ. ನಾನು ಮಾಂಬಳ್ಳಿಯವಳು, ಈಗ ಮೈಸೂರಿನ ಪ್ರಯೋಗಾಲಯವೊಂದರಲ್ಲಿದ್ದೇನೆ. ಕಾಂಡಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳನ್ನು ಹೊರಬಿಡುತ್ತವೆ. ತಲೆಗೆ ಪೆಟ್ಟಾದ ಇಲಿಗೆ ಅವನ್ನು ಕೊಟ್ಟರೆ ಮಿದುಳಿನಲ್ಲಿ ಯಾವ ಪ್ರೋಟೀನು ಏರಿತು, ಯಾವುದು ಇಳಿಯಿತು ಎಂದು ಯಂತ್ರದಲ್ಲಿ ನೋಡುವುದು ನನ್ನ ಕೆಲಸ.

ಭತ್ತದ ಮೂಟೆ

ಅವ್ವ ಇದನ್ನು ಕೇಳಿ, ಮಗಳು ಇಲಿ ಡಾಕ್ಟ್ರು ಎಂದು ಬೀದಿಗೆಲ್ಲ ಹೆಮ್ಮೆಯಿಂದ ಸಾರಿದಳು. ಮಾರನೆಯ ಬೆಳಿಗ್ಗೆಯೇ ಪಕ್ಕದ ಮನೆಯ ದೊಡ್ಡಪ್ಪ ಬಂದು ಕೂತ. ಅವನ ಭತ್ತದ ಮೂಟೆಗಳನ್ನು ಇಲಿಗಳು ಕೊರೆದಿದ್ದವಂತೆ, ಗಟ್ಟಿ ಔಷಧಿ ಬೇಕಂತೆ. ನಾನು ಕೊಲ್ಲುವ ಔಷಧಿಯವಳಲ್ಲ, ಪೆಟ್ಟಾದ ಇಲಿ ಹೇಗೆ ವಾಸಿಯಾಗುತ್ತದೆ ಎಂದು ನೋಡುವವಳು ಎಂದೆ. ಅವನು ನನ್ನ ಮುಖವನ್ನೇ ನೋಡಿ, ಅವ್ವನ ಕಡೆ ತಿರುಗಿದ.

"ನಾನಿಲ್ಲಿ ತಲ ಮ್ಯಾಲ ಒಡೀತೀನಿ, ನಿನ್ ಮಗ್ಳು ಅಲ್ಲಿ ವಾಸಿ ಮಾಡ್ತಾಳ. ಇನ್ನೆಲ್ಲಿ ಕಮ್ಮಿ ಆದಾವು ಕಣವ್ವ?"

ಹಳೆಯ ವಿದ್ಯಾರ್ಥಿನಿ

ಕೊಳ್ಳೇಗಾಲದಲ್ಲಿ ನಾನು ಓದಿದ ಶಾಲೆಯವರು ಮಾತಾಡಲು ಕರೆದರು. ಶಾಲು ಹೊದಿಸಿದರು. ನಾನೂ ಉಬ್ಬಿಹೋಗಿ ಮಿದುಳು, ಪ್ರೋಟೀನು ಎಂದು ಒಂದೇ ಉಸಿರಿಗೆ ಹೇಳಿದೆ. ಕೊನೆಗೆ ನನಗೆ ಗಣಿತ ಕಲಿಸಿದ ಮೇಷ್ಟ್ರು ವಂದನಾರ್ಪಣೆಗೆ ಎದ್ದರು.

"ತಲೆ ಒಳಗೆ ಏನಿದೆ ಅಂತ ಇವರು ಹುಡುಕ್ತಾ ಇದ್ದಾರೆ. ಇವರು ಇಲ್ಲಿದ್ದಾಗ ನಾನೂ ಮೂರು ವರ್ಷ ಹುಡುಕಿದೆ, ಸಿಕ್ಕಿರಲಿಲ್ಲ. ಸಿಕ್ಕಿದ್ದು ಸಂತೋಷ."

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅವ್ವ.

ಹನೂರಿನ ಮಾವ

ನನ್ನ ಸೋದರಮಾವ ಹನೂರಿನವನು. ಕಾಮಗೆರೆ ದಾಟಿ ಬರುವಾಗ ಬೈಕು ಜಾರಿ ತಲೆಗೆ ಪೆಟ್ಟು ಬಿತ್ತು. ಜೀವ ಉಳಿಯಿತು, ಆದರೆ ಎಷ್ಟೋ ದಿನ ನನ್ನ ಹೆಸರೇ ಅವನ ಬಾಯಿಗೆ ಬರಲಿಲ್ಲ. ಆಮೇಲೆ ಪ್ರಯೋಗಾಲಯದಲ್ಲಿ ಒಂದೊಂದು ಇಲಿಯನ್ನು ನೋಡಿದಾಗಲೂ ಮಾವನೇ ಕಣ್ಣ ಮುಂದೆ ಬರುತ್ತಿದ್ದ.

ಕಡೆಗೊಂದು ದಿನ ನಮ್ಮ ಯಂತ್ರ ಒಳ್ಳೆಯ ಸುದ್ದಿ ಕೊಟ್ಟಿತು. ಗುಳ್ಳೆ ಕೊಟ್ಟ ಇಲಿಗಳಲ್ಲಿ ಉರಿಯೂತದ ಪ್ರೋಟೀನುಗಳು ಇಳಿದಿದ್ದವು, ರಿಪೇರಿಯವು ಏರಿದ್ದವು. ಅದನ್ನು ಮೊದಲು ಹೇಳಿದ್ದು ಮಾವನಿಗೆ. ಅಷ್ಟು ಹೊತ್ತಿಗೆ ಅವನು ಬಹುಮಟ್ಟಿಗೆ ಚೇತರಿಸಿಕೊಂಡಿದ್ದ. ಇದು ಮನುಷ್ಯರಿಗೆ ಔಷಧಿಯಾಗಿ ಬರಲು ಇನ್ನೂ ವರ್ಷಗಳು ಬೇಕು ಎಂದರೂ ಕೇಳದೆ, ನನ್ನನ್ನು ಟೀ ಅಂಗಡಿಗೆ ಕರೆದೊಯ್ದು, "ತಲಗ ಔಷ್ದಿ ಕಂಡಿಡಿಯೋಳು, ನನ್ ಸೊಸ ಕಣ್ರಲಾ" ಎಂದು ತೋರಿಸಿದ. ಹೆಸರನ್ನೂ ಸರಿಯಾಗಿ ಹೇಳಿದ. ನನಗೆ ಕಣ್ಣು ತುಂಬಿತು.

ಮನೆಗೆ ಬಂದ ಮೇಲೆ, ಇಲಿ ವಾಸಿಯಾಯಿತೆಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ. ಗೋಜಲು ದಾರಿಯೊಳಗೆ ಬಿಡುತ್ತೇವೆ, ತಿಂಡಿ ಇಟ್ಟ ಜಾಗಕ್ಕೆ ನೆಟ್ಟಗೆ ಹೋದರೆ ನೆನಪು ಬಂದಿದೆ ಎಂದರ್ಥ, ಎಂದೆ.

ಒಳಗಿಂದ ಅತ್ತೆ ತಣ್ಣಗೆ ಹೇಳಿದಳು: "ಅಂಗಾರ ನಿಮ್ಮಾವುಂಗ ಏನೂ ಆಗೇ ಇರ್ನಿಲ್ಲ ಕಣವ್ವ. ನಿನ್ ಹೆಸ್ರು ಮರ್ತಿದ್ದಾಗ್ಲೂ ಚಕ್ಲಿ ಡಬ್ಬ ಎಲ್ಲಿ ಬಚ್ಚಿಟ್ರೂ ನೆಟ್ಗ ಅಲ್ಗೇ ಬಂದ್ಬುಡೋರು."