ಸತ್ತ ಮೇಲಿನ ಓಟ

ಆ ಅಂಗಿ ತೊಡದೆ ಹೋಗಿದ್ದರೆ ಮುರಗೆಪ್ಪ ಅವತ್ತು ಸಾಯುತ್ತಿರಲಿಲ್ಲ.

ಅಂಗಿ ಕೊಟ್ಟವನು ಪಕ್ಕದ ಮನೆಯ ಜ್ಞಾನದೇವ. ಐನಾಪುರದ ಬಸ್ ನಿಲ್ದಾಣದ ಎದುರು ಅವನದೊಂದು ಫ್ಲೆಕ್ಸ್ ಅಂಗಡಿ. ಊರಿನಲ್ಲಿ ಯಾರ ಹುಟ್ಟುಹಬ್ಬವಾದರೂ, ಯಾರು ಸತ್ತರೂ ಅವನ ಬ್ಯಾನರ್ ಮೇಲೇರಬೇಕು. ಮುರಗೆಪ್ಪನ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ಈಚೆ ಆಡಿದ ಮಾತು ಆಚೆ ಕೇಳುತ್ತಿತ್ತು. ಮಿರಜದ ಡಾಕ್ಟರು ಹೇಳಿದ ಮಾತೂ ಹಾಗೆಯೇ ಗೋಡೆ ದಾಟಿತ್ತು.

ಡಾಕ್ಟರು ಹೆಚ್ಚೇನೂ ಹೇಳಿರಲಿಲ್ಲ. "ನಿಮ್ಮ ತಂದಿ ಎಷ್ಟನೇ ವಯಸ್ಸಿಗೆ ಹೋದ್ರು?" ಎಂದು ಕೇಳಿದ್ದರು. ಮುರಗೆಪ್ಪ ಹೇಳಿದ. ಡಾಕ್ಟರು ಅವನ ವಯಸ್ಸು ನೋಡಿದರು, ಹೊಟ್ಟೆ ನೋಡಿದರು, ಪೆನ್ನಿಗೆ ಮುಚ್ಚಳ ಹಾಕಿದರು. "ದಿನಾ ಒಂದು ತಾಸು ನಡೀರಿ" ಅಂದರು.

ನಡಿಗೆಯನ್ನು ಓಟ ಮಾಡಿದವನು ಜ್ಞಾನದೇವ.

"ನಡ್ಯೂದು ಮುದುಕರ ಕೆಲಸ, ಮುರಗೆಪ್ಪಣ್ಣಾ. ಬರೂ ಐತವಾರ ಚಿಕ್ಕೋಡ್ಯಾಗ ಹತ್ತು ಕಿಲೋಮೀಟರ್ ಓಟ ಐತಿ. ನಿಮ್ಮ ಹೆಸರು ಕೊಟ್ಟೇನಿ."

"ನನ್ನ ಕೇಳದನ?"

"ಕೇಳಿದ್ರ ಬ್ಯಾಡಂತಿದ್ರಿ."

ಅದು ನಿಜವಾಗಿತ್ತು. ಮುರಗೆಪ್ಪ ಸೊಸೈಟಿಯಲ್ಲಿ ಗುಮಾಸ್ತ. ಬೆಳಿಗ್ಗೆ ಕುರ್ಚಿಯಲ್ಲಿ ಕೂತರೆ ಸಂಜೆ ಕುರ್ಚಿಯೂ ಅವನ ಜೊತೆ ಏಳಲು ನೋಡುತ್ತಿತ್ತು. ಆದರೆ ಸಾಯಲು ಅವನಿಗೆ ಮನಸ್ಸಿರಲಿಲ್ಲ. ಒಪ್ಪಿಕೊಂಡ. ಜ್ಞಾನದೇವ ಗಿಣಿಹಸಿರು ಬಣ್ಣದ ಅಂಗಿ ತಂದುಕೊಟ್ಟ. ಎದೆಯ ಮೇಲೆ ಸಣ್ಣ ಅಕ್ಷರದಲ್ಲಿ ಮುರಗೆಪ್ಪ, ಐನಾಪುರ ಎಂದಿತ್ತು. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಜ್ಞಾನದೇವನ ಅಂಗಡಿಯ ಹೆಸರು ಮತ್ತು ಮೊಬೈಲ್ ನಂಬರು.

ಊರೊಳಗೆ ಓಡುವುದು ಸಾಧ್ಯವಾಗಲಿಲ್ಲ. ದೊಡ್ಡ ಮನುಷ್ಯ ಕಾರಣವಿಲ್ಲದೆ ಓಡುವುದನ್ನು ಆ ಊರು ಕಂಡಿರಲಿಲ್ಲ. ಮೊದಲ ದಿನ ಒಬ್ಬ, "ಎಮ್ಮಿ ತಪ್ಪಿಸಿಕೊಂಡೈತೇನ್ರಿ?" ಎಂದು ಜೊತೆಗೇ ಓಡಿ ಬಂದ. ಇನ್ನೊಬ್ಬ ಚಹಾದಂಗಡಿಯಿಂದ ಎದ್ದು ಟೋಪಿ ತೆಗೆದು, "ಯಾರ ಹೋದರ್ರೀ?" ಎಂದ. ಅಂದಿನಿಂದ ಮುರಗೆಪ್ಪ ಊರ ಕೊನೆಯ ಮನೆಯವರೆಗೆ ನಡೆದು, ಅಲ್ಲಿಂದ ಕಾಗವಾಡ ರಸ್ತೆಯಲ್ಲಿ ಓಡುತ್ತಿದ್ದ. ಎರಡೂ ಕಡೆ ಕಬ್ಬು. ಕಬ್ಬು ಏನೂ ಕೇಳುತ್ತಿರಲಿಲ್ಲ.

ಓಟದ ಹಿಂದಿನ ದಿನ, ಶನಿವಾರ, ಅರ್ಧ ದೂರವಾದರೂ ಓಡಿ ನೋಡಬೇಕೆಂದು ಹೊರಟ. ಫೋನು ಕಿಸೆಯಲ್ಲಿಟ್ಟರೆ ಚಡ್ಡಿ ಕೆಳಗಿಳಿಯುತ್ತಿತ್ತು. ಮನೆಯಲ್ಲೇ ಬಿಟ್ಟ.

"ಉಸಿರ ಹತ್ತಿದ್ರ ಹೊಳ್ಳಿ ಬರ್ರಿ" ಎಂದಳು ಹೆಂಡತಿ ಭಾಗ್ಯಾ, ರೊಟ್ಟಿ ಬಡಿಯುತ್ತ.

ಉಸಿರು ಹತ್ತಿತು. ಆದರೆ ಹೊಳ್ಳಿ ಬರುವಷ್ಟು ಉಳಿಯಲಿಲ್ಲ. ಕಬ್ಬಿನ ಗದ್ದೆಯ ಬದುವಿನಲ್ಲಿ ಒಂದು ಬೇವಿನ ಗಿಡ ಕಂಡಿತು. ಮುರಗೆಪ್ಪ ಅದರ ಬುಡಕ್ಕೆ ಗೋಣಿಚೀಲ ಇಳಿಸಿದ ಹಾಗೆ ಇಳಿದ. ಅಂಗಾತ ಮಲಗಿ, ಕಾಲು ಜೋಡಿಸಿ, ಕೈ ಚಾಚಿದ. ನೊಣಗಳು ಕಾಟ ಕೊಟ್ಟವು. ಹೆಗಲ ಮೇಲಿದ್ದ ಬಿಳಿ ಟಾವೆಲ್ಲನ್ನು ಮುಖದ ಮೇಲೆ ಹೊದ್ದುಕೊಂಡ. ನಿದ್ದೆ ಹತ್ತಿತು.

ಸ್ವಲ್ಪ ಹೊತ್ತಿಗೆ ಮರಾಠಿ ನಾಡಿನ ಬೀಡದ ಕಡೆಯಿಂದ ಬಂದ ಕಬ್ಬು ಕಡಿಯುವವರ ಟ್ರ್ಯಾಕ್ಟರು ಅಲ್ಲಿ ನಿಂತಿತು. ಹೆಂಗಸರು ಇಳಿದು ನೋಡಿದರು. "ಗೇಲಾ ಬಿಚಾರಾ," ಪಾಪ ಹೋದ, ಎಂದು ಒಬ್ಬಳು ಸೆರಗು ಬಾಯಿಗಿಟ್ಟುಕೊಂಡಳು. ಟ್ರ್ಯಾಕ್ಟರಿನ ಮುಂದೆ ಕಟ್ಟಿದ್ದ ಚೆಂಡು ಹೂವಿನ ಹಾರ ಬಿಚ್ಚಿ ಮುರಗೆಪ್ಪನ ಎದೆಗೆ ಹಾಕಿದರು. ತಲೆಯ ಹತ್ತಿರ ಎರಡು ಊದಬತ್ತಿ ಹಚ್ಚಿ ನೆಟ್ಟರು. ಆಮೇಲೆ ಈ ಕಡೆಯವನೇ ಆದ ಡ್ರೈವರು ಹಾರ ಸರಿಸಿ, ಅಂಗಿಯ ಮೇಲಿನ ಹೆಸರು ಓದಿ, ಕೆಳಗಿನ ನಂಬರಿಗೆ ಫೋನು ಮಾಡಿದ.

"ನಿಮ್ಮ ಮುರಗೆಪ್ಪ ಅಂಬಾವ ರಸ್ತಾದ ಬಾಜೂಕ ಸತ್ತ ಬಿದ್ದಾನ್ರಿ."

"ಖರೇನ ಸತ್ತಾನೇನ್ರಿ? ಸಮಾ ನೋಡಿದ್ರೇನು?" ಎಂದ ಜ್ಞಾನದೇವ.

"ಊದಬತ್ತಿ ಹಚ್ಚೀವ್ರಿ."

ಇಷ್ಟಾದ ಮೇಲೆ ಜ್ಞಾನದೇವನಿಗೆ ಸಂಶಯ ಉಳಿಯಲಿಲ್ಲ. ಸ್ವತಃ ಹೋಗಿ ನೋಡಲು ಪುರಸೊತ್ತೂ ಇರಲಿಲ್ಲ. ಮುರಗೆಪ್ಪನ ಫೋಟೋ ಕಂಪ್ಯೂಟರಿನಲ್ಲಿತ್ತು. ಮಷಿನ್ ಚಾಲೂ ಮಾಡಿದ. ಹೆಣ ತರಲು ಟೆಂಪೋ ಕಳಿಸಿದ. ತನ್ನ ಮನೆಗೆ ಫೋನು ಮಾಡಿ, ಭಾಗ್ಯಾಳಿಗೆ ಗೋಡೆಯ ಆಚೆಯಿಂದಲೇ ಸುದ್ದಿ ಹೇಳಿಸಿದ.

ಊದಬತ್ತಿಯ ಬೂದಿ ಕಿವಿಯ ಮೇಲೆ ಬಿದ್ದು ಮುರಗೆಪ್ಪ ಎಚ್ಚರಾದ. ಟಾವೆಲ್ ಸರಿಸಿ ನೋಡಿದರೆ ಎದೆಯ ಮೇಲೆ ಹಾರ, ತಲೆಯ ಬಳಿ ಹೊಗೆ. ಸತ್ತ ಮೇಲೂ ಮೊಣಕಾಲು ನೋಯುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಗಾಬರಿಯಿಂದ ಎದ್ದು ಕೂತ. ಅದೇ ಹೊತ್ತಿಗೆ ಬೈಕಿನಲ್ಲಿ ಬರುತ್ತಿದ್ದ ಹಾಲಿನವನು ಹಾರ ಹಾಕಿದ ಹೆಣ ಎದ್ದು ಕೂತದ್ದನ್ನು ಕಂಡ. ಒಂದು ಕ್ಯಾನು ರಸ್ತೆಗೆ ಬಿತ್ತು. ಅವನು ತಿರುಗಿ ನೋಡಲಿಲ್ಲ.

ಮುರಗೆಪ್ಪ ಊರ ಕಡೆ ಕುಂಟುತ್ತ ಹೊರಟ. ಎದುರಿಗೆ ಒಂದು ಟೆಂಪೋ ಬಂತು. ಕೈ ಮಾಡಿದ. ಡ್ರೈವರು ಖಲೀಲ, ಉಗಾರದ ಹುಡುಗ. ಮುರಗೆಪ್ಪನ ಪರಿಚಯವಿರಲಿಲ್ಲ.

"ಐನಾಪುರಕ್ಕ ಬಿಡ್ತಿಯೇನಪಾ?"

"ಈಗ ಆಗೂದಿಲ್ರಿ ಕಾಕಾ. ಹೆಣಾ ತರಾಕ ಹೊಂಟೇನಿ. ಹೊಳ್ಳಿ ಬರೂಮುಂದ ಬೇಕಾದ್ರ ಅದರ ಬಾಜೂಕ ಕುಂದರ್ರಿ."

"ಯಾರ ಹೆಣಾ?"

"ಮುರಗೆಪ್ಪ ಅಂತ. ಓಡಿ ಓಡಿ ಸತ್ತಾನಂತ."

"ನಾನ ಮುರಗೆಪ್ಪ!"

ಖಲೀಲ ಅವನನ್ನು ಮೇಲಿಂದ ಕೆಳಗೆ ನೋಡಿದ. ಕೊರಳಲ್ಲಿ ಹಾರ, ಕೆಂಪು ಕಣ್ಣು, ತೂರಾಡುವ ಕಾಲು. "ಇಷ್ಟ ಮುಂಜಾನೆದ್ದು ಕುಡೀಬಾರದ್ರಿ ಕಾಕಾ" ಎಂದ. ಗಾಡಿ ಬಿಡುವ ಮೊದಲು, "ಲಗೂ ತರಬೇಕ್ರಿ. ಅಲ್ಲಿ ಪಾಪ ಹೆಣ್ಣಮಗಳನ್ನ ಕೈಯಾನ ಬಳಿ ಒಡ್ಯಾಕ ಕುಂಡ್ರಿಸ್ಯಾರ" ಎಂದು ಹೇಳಿದ.

"ಹೆಣಾ ಬರೂದ್ರಾಗ ಬಳಿ ಹೆಂಗ ಒಡೀತಾರಲೇ?"

"ಊಟದ ಹೊತ್ತಿಗೆ ಪಂಚಕದ ಕೆಟ್ಟ ಗಳಿಗಿ ಹತ್ತತೈತಂತ್ರಿ. ಅಷ್ಟರಾಗ ಬಳಿ ಕುಂಕುಮ ಮುಗಸದಿದ್ರ ಆ ಮನ್ಯಾಗ ಇನ್ನೂ ನಾಕ ಹೆಣಾ ಬೀಳ್ತಾವಂತ. ಕಾಶಿಬಾಯಿ ಅಂಬಾಕಿ ಹೇಳಾಕತ್ತಿದ್ಲು."

ಟೆಂಪೋ ಹೋಯಿತು.

ಕಾಶಿಬಾಯಿ ಓಣಿಯ ಹಿರಿಯಳು. ಅವಳ ಬಳೆ ಒಡೆದಾಗ ಮದುವೆ ಸೀರೆಯ ಬಣ್ಣ ಇನ್ನೂ ಮಾಸಿರಲಿಲ್ಲ. ಅಂದಿನಿಂದ ಓಣಿಯ ಯಾವ ಬಳೆಯನ್ನೂ ಅವಳು ಬೇರೆಯವರ ಕೈಗೆ ಬಿಟ್ಟವಳಲ್ಲ. ಅವಳು ಹೊತ್ತು ಹೇಳಿದರೆ ಭಟ್ಟರೂ ಪಂಚಾಂಗ ಮುಚ್ಚುತ್ತಿದ್ದರು.

ಮುರಗೆಪ್ಪ ಓಡತೊಡಗಿದ.

ಅದು ತರಬೇತಿಯಲ್ಲಿ ಒಮ್ಮೆಯೂ ಬಾರದ ಓಟ. ಎದೆ ಕಬ್ಬಿನ ಗಾಣದ ಹಾಗೆ ಕಿರುಗುಟ್ಟಿತು. ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ, ಮತ್ತೆ ಹಿಂದೆ ಬಂದು ಬಡಿಯುತ್ತಿತ್ತು. ಬೈಕಿನವರಿಗೆ ಕೈ ಮಾಡಿದ. ಕೊರಳಿನ ಹಾರ ತೆಗೆಯಲು ಮರೆತಿದ್ದ. ಹತ್ತಿರ ಬಂದವರು ಅದನ್ನು ನೋಡಿ ಇನ್ನಷ್ಟು ಜೋರಾಗಿ ಹೋದರು.

ಭಾಗ್ಯಾಳ ಬಳೆ ಯಾವ ಬಣ್ಣದವು ಎಂದು ನೆನಪು ಮಾಡಿಕೊಂಡ. ಹಸಿರು ಇರಬೇಕು. ಖಾತ್ರಿಯಿರಲಿಲ್ಲ. ಸದ್ದು ಮಾತ್ರ ಗೊತ್ತಿತ್ತು. ಇಷ್ಟು ವರ್ಷ ಅದು ಅಡುಗೆಮನೆಯ ಸದ್ದು ಎಂದೇ ತಿಳಿದಿದ್ದ. ಆ ಸದ್ದಿಲ್ಲದ ಮನೆ ಹೇಗಿರುತ್ತದೆ ಎಂದು ಯೋಚಿಸಿದ. ಕಾಲು ತಾನೇ ಬೇಗ ಬಿತ್ತು.

ಓಣಿಯ ಬಾಯಲ್ಲಿ ಶಾಮಿಯಾನ ಎದ್ದಿತ್ತು. ಏಣಿಯ ಮೇಲೆ ನಿಂತು ಜ್ಞಾನದೇವ ಬ್ಯಾನರ್ ಕಟ್ಟುತ್ತಿದ್ದ. ಬ್ಯಾನರಿನಲ್ಲಿ ಮುರಗೆಪ್ಪ ನಗುತ್ತಿದ್ದ. ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ. ಜ್ಞಾನದೇವ ಕೆಳಗೆ ಕಣ್ಣು ಹಾಯಿಸಿದಾಗ ಕಂಡದ್ದು ಹಾರ ಮಾತ್ರ.

"ಹಾರಾ ತಂದೀರೇನ್ರಿ? ಒಳಗ ಕೊಡ್ರಿ. ಹೆಣಾ ಇನ್ನೂ ಬಂದಿಲ್ಲ."

ಮುರಗೆಪ್ಪ ಬಾಯಿ ತೆರೆದ. ಉಸಿರು ಬಂತು, ಮಾತು ಬರಲಿಲ್ಲ. ಜನರನ್ನು ತಳ್ಳಿಕೊಂಡು ಒಳಗೆ ನುಗ್ಗಿದ.

"ಹಗೂರಕ್ರಿ, ಎಲ್ಲಾರಿಗೂ ದುಕ್ಕ ಆಗೈತಿ!" ಎಂದು ಯಾರೋ ಗದರಿದರು.

ಪಡಸಾಲೆಯಲ್ಲಿ ಭಾಗ್ಯಾಳನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಸೆರಗನ್ನು ಮುಖದ ಮೇಲೆ ಎಳೆದಿದ್ದರು. ಕಾಶಿಬಾಯಿ ಒಂದು ಕೈಯಲ್ಲಿ ಅವಳ ಮಣಿಕಟ್ಟು, ಇನ್ನೊಂದು ಕೈಯಲ್ಲಿ ಕಲ್ಲು ಹಿಡಿದಿದ್ದಳು. ಒಂದು ಕೈ ಆಗಲೇ ಬರಿದಾಗಿತ್ತು.

"ಅವರ ಮಾರೀ ನೋಡೂತನಾ ತಡೀರಿ ಕಾಶಿಬಾಯಿ" ಎನ್ನುತ್ತಿದ್ದಳು ಭಾಗ್ಯಾ. ಅಳುತ್ತಿರಲಿಲ್ಲ.

"ಮಾರೀ ಎಲ್ಲಿಗೆ ಹೋಗತೈತಿ ತಂಗಿ? ಹೊತ್ತ ಹೋಗತೈತಿ."

ಮುರಗೆಪ್ಪ ಬಾಗಿಲ ಚೌಕಟ್ಟು ಹಿಡಿದು ಕೈ ಎತ್ತಿದ. ನಿಲ್ಲಿಸಿ ಎನ್ನಬೇಕಿತ್ತು. ಗಂಟಲಿನಿಂದ ಹೊರಟದ್ದು ಪಂಕ್ಚರಾದ ಟ್ರ್ಯಾಕ್ಟರ್ ಗಾಲಿಯ ಸದ್ದು. ಧೂಳು ಬೆವರು ಸೇರಿ ಮುಖ ಗುರುತು ಸಿಗುತ್ತಿರಲಿಲ್ಲ. ಅಂಗಿಯ ಮೇಲಿನ ಹೆಸರನ್ನು ಹಾರ ಮುಚ್ಚಿತ್ತು. ನಸುಕಿನಲ್ಲೇ ಓಡಲು ಹೋಗುತ್ತಿದ್ದ ಅವನನ್ನು ಚಡ್ಡಿಯಲ್ಲಿ ಓಣಿಯ ಹೆಂಗಸರು ನೋಡಿರಲೂ ಇಲ್ಲ.

"ಪಾಪ, ಯಾರೋ ಬೀಗರು. ಸುದ್ದಿ ಕೇಳಿ ಓಡಿ ಬಂದಾರ" ಎಂದು ಒಬ್ಬಳು ತಂಬಿಗೆ ನೀರು ಕೊಟ್ಟಳು. "ಸಮಾಧಾನ ಮಾಡಕೋರಿ. ಹೋದವ್ರು ಹೊಳ್ಳಿ ಬರ್ತಾರೇನು?"

ಮುರಗೆಪ್ಪ ತಲೆ ಅಲ್ಲಾಡಿಸಿದ. ಬರುತ್ತಾರೆ ಎಂದು ಹೇಳಬೇಕಿತ್ತು. ನೀರು ಕುಡಿದ. ಕೆಮ್ಮಿದ. ಕಲ್ಲು ಇಳಿಯಿತು. ಕೊನೆಯ ಬಳೆ ಚೂರಾಗಿ ಚಾಪೆಯ ಮೇಲೆ ಬಿತ್ತು. ಹಸಿರೇ.

"ನಾ... ಸತ್ತಿಲ್ಲ" ಎಂದ ಮುರಗೆಪ್ಪ.

ಮೊದಲು ಸೆರಗು ಸರಿಸಿದವಳು ಭಾಗ್ಯಾ. ಅವನನ್ನೇ ನೋಡಿದಳು. ಆಮೇಲೆ ಪಡಸಾಲೆ ಚೀರಿತು. ಇಬ್ಬರು ಹಿತ್ತಲಿಗೆ ಓಡಿದರು. ಏಣಿಯ ಮೇಲಿದ್ದ ಜ್ಞಾನದೇವ ಏಣಿಯ ಕೆಳಗೆ ಬಂದ, ಮೆಟ್ಟಿಲು ಬಳಸದೆ.

ದೊಡ್ಡ ಪ್ರಶ್ನೆ ಎದ್ದದ್ದು ಅದಾದ ಮೇಲೆ. ಗಂಡ ಬದುಕಿದ್ದಾನೆ, ಬಳೆ ಒಡೆದಿದೆ. ಇದು ಎಲ್ಲಿಯೂ ನಡೆದದ್ದಲ್ಲ.

"ಹೊಸಾವ ತಂದ ಇಡಸ್ರಿ, ಮುಗೀತು" ಎಂದ ಮುರಗೆಪ್ಪ.

"ಮುಗೀಲಿಲ್ಲ" ಎಂದಳು ಕಾಶಿಬಾಯಿ. ಅವಳ ಕಸುಬಿನಲ್ಲಿ ಮೊದಲ ಸಲ ತಪ್ಪಾಗಿತ್ತು, ಅದನ್ನು ಅವಳು ತನ್ನ ಮೇಲೆ ಹಾಕಿಕೊಳ್ಳುವವಳಲ್ಲ. "ಒಮ್ಮಿ ಒಡದ ಕೈಗೆ ಸುಮ್ಮನ ಇಡಸಿದ್ರ ಎಮಧರ್ಮ ಬಾಕಿ ಕೇಳಾಕ ಬರ್ತಾನ. ದೇವರದು ಏನರೆ ನಡೀಬೇಕು."

ಮೂಲೆಯಲ್ಲಿ ಬಿದ್ದು ಅಳುತ್ತಿದ್ದ ತಾಯಿ ಕೆಂಚವ್ವ ಎದ್ದು ಬಂದು ಮಗನ ಮುಖ ತಡವಿದಳು. ಕಣ್ಣು ಹೊಳೆಯುತ್ತಿದ್ದವು.

"ನಾ ಬೇಡಕೊಂಡಿದ್ನ್ಯೋ ಯಪ್ಪಾ! ಹೊಳಿಯಾಚೆ ಚಿಂಚಲಿ ಮಾಯಕ್ಕ ದೇವಿಗೆ ಬೇಡಕೊಂಡಿದ್ನಿ. ಎಂಥಾ ಸತ್ಯುಳ್ಳಾಕಿ ನೋಡ್ರಿ!"

"ಏನ ಬೇಡಕೊಂಡೀಬೇ ಯವ್ವಾ?" ಮುರಗೆಪ್ಪನ ದನಿ ಸಣ್ಣದಾಯಿತು.

"ತಾಯೀ, ನನ್ನ ಮಗಾ ಯಾರೋ ಕೊಡೂ ಪದಕದ ಬಿಲ್ಲೇಕ ಓಡಿದ, ನಿನ್ನ ಹೆಸರಿಲೆ ಓಡಲಿಲ್ಲ, ಅದಕ್ಕ ಸಿಟ್ಟಾಗಿ ಒಯ್ದಿ. ಹೊಳ್ಳಿ ಕೊಡವ್ವಾ, ಹೊಳಿ ದಾಟಿಸಿ ನಿನ್ನ ಗುಡೀತನಕಾ ಬರಿಗಾಲಿಲೆ ಓಡಸ್ತೀನಿ. ವರ್ಷಾ ವರ್ಷಾ ಓಡಸ್ತೀನಿ, ಅವನ ಜೀಂವ ಇರೂತನಕಾ ಅಂದ್ನಿ."

ಪಡಸಾಲೆಯಲ್ಲಿ ಸಮಾಧಾನದ ಗುಜುಗುಜು ಹಬ್ಬಿತು. ಕಾಶಿಬಾಯಿ ಕಲ್ಲು ಕೆಳಗಿಟ್ಟಳು. "ಹಂಗಂದ್ರ ಆತು. ಹರಕಿ ತೀರಲಿ. ಅವತ್ತ ಸಂಜೀಕ ನಾನ ಮುಂದ ನಿಂತು ಬಳಿ ಇಡಸ್ತೀನಿ."

ಹಿಂದಿನಿಂದ ಯಾರೋ ಲೆಕ್ಕ ಹಾಕಿದರು. ಚಿಕ್ಕೋಡಿಯ ಓಟಕ್ಕಿಂತ ದುಪ್ಪಟ್ಟು ದೂರ, ಮೇಲೊಂದಿಷ್ಟು. ಮುರಗೆಪ್ಪ ತನ್ನ ಕಾಲು ನೋಡಿಕೊಂಡ.

ಒಬ್ಬೊಬ್ಬರಾಗಿ ಎದ್ದು ಹೋದರು. ಭಾಗ್ಯಾ ಚಾಪೆಯ ಮೇಲಿನ ಗಾಜಿನ ಚೂರುಗಳನ್ನು ಆರಿಸಿ ಮೊರಕ್ಕೆ ಹಾಕುತ್ತಿದ್ದಳು. ಮಣಿಕಟ್ಟಿನಲ್ಲಿ ಒಂದೆರಡು ಕಡೆ ರಕ್ತ ಒಸರಿತ್ತು. ಕೈ ಆಡಿದರೂ ಸದ್ದಿರಲಿಲ್ಲ. ಮುರಗೆಪ್ಪ ಅವಳ ಎದುರು ಕುಕ್ಕರಿಸಿದ.

"ಸೋಮವಾರನ ಓಡಿ ಬಿಡ್ತೀನಿ. ನಿನ್ನ ಕೈ ಹಿಂಗ ನೋಡಾಕ ಆಗೂದಿಲ್ಲ."

"ಚಿಂಚಲೀತನಕಾ?"

"ಹೂಂ."

"ಬರಿಗಾಲಿಲೆ?"

"ಹೂಂ."

ಭಾಗ್ಯಾ ಅವನ ಹೊಟ್ಟೆಯನ್ನೂ, ನಡುಗುವ ಕಾಲನ್ನೂ ಒಂದು ಸಲ ನೋಡಿದಳು. ಉಳಿದ ಚೂರುಗಳನ್ನು ಮೊರಕ್ಕೆ ಗುಡಿಸಿಕೊಂಡು ಎದ್ದಳು.

"ಹಂಗಾರ ಹೊಸಾವು ತರಬ್ಯಾಡ್ರಿ" ಎಂದಳು. "ಎರಡೆರಡ ಸಲಾ ಒಡಕೊಳ್ಳೂದ ಯಾಕ?"