ಖಾಲಿ ಹಾಸಿಗೆಯ ಬಾಡಿಗೆ

ನಮ್ಮ ಮನೆಯಲ್ಲಿ ಯಾವುದರ ಬೆಲೆಯನ್ನೂ ರೂಪಾಯಿಯಲ್ಲಿ ಹೇಳುವ ಪದ್ಧತಿಯಿಲ್ಲ, ಸೈಟಿನಲ್ಲಿ ಹೇಳುತ್ತೇವೆ. ಇದು ಬಸವೇಶ್ವರನಗರದವರಿಗೆಲ್ಲ ಅಂಟಿದ ರೋಗವೋ ನಮ್ಮಪ್ಪನಿಗೆ ಮಾತ್ರ ಬಂದದ್ದೋ ಗೊತ್ತಿಲ್ಲ. ಹಿಂದೆ ಯಾವುದೋ ಕಾಲದಲ್ಲಿ ಹೇರೋಹಳ್ಳಿಯಲ್ಲಿ ಇಪ್ಪತ್ತು ಮೂವತ್ತರ ಸೈಟೊಂದು ಕೈಗೆ ಬಂದಿದ್ದಾಗ, "ಅಲ್ಲಿ ನರಿ ಓಡಾಡುತ್ತೆ" ಎಂದು ಅಪ್ಪ ಬಿಟ್ಟುಬಿಟ್ಟರಂತೆ. ಈಗ ಅಲ್ಲಿ ನರಿ ಓಡಾಡುವುದಿಲ್ಲ, ರಸ್ತೆ ನೋಡಿದರೆ ಮನುಷ್ಯರು ಓಡಾಡುವುದೂ ಕಷ್ಟವೇ. ಬೆಲೆ ಮಾತ್ರ ಓಡುತ್ತಲೇ ಇದೆ. ಅಂದಿನಿಂದ ಮನೆಗೆ ಏನು ಬಂದರೂ ಅದು ಕೈತಪ್ಪಿದ ಆ ಸೈಟಿನ ಇಂತಿಷ್ಟು ಭಾಗ. ಫ್ರಿಜ್ಜು ಬಂದಾಗ ಅದು ಸೈಟಿನ ಬಾತ್‌ರೂಮ್. ನನ್ನ ಇಂಜಿನಿಯರಿಂಗ್ ಓದು ಒಂದು ಇಡೀ ಸೈಟು, ಅದೂ ಪೂರ್ವಾಭಿಮುಖ. "ಸೈಟ್ ಆಗಿದ್ದಿದ್ರೆ ಇಷ್ಟೊತ್ತಿಗೆ ಎರಡಂತಸ್ತು ಎದ್ದಿರೋದು" ಎಂದು, ರಾಜಾಜಿನಗರದ ಟೈಲ್ಸ್ ಅಂಗಡಿಯ ಟೀ ಶರ್ಟ್ ಹಾಕಿಕೊಂಡು ಕೆಲಸಕ್ಕೆ ಹೊರಟ ನನ್ನನ್ನು ಅಪ್ಪ ಮೇಲಿಂದ ಕೆಳಗೆ ಅಳೆಯುತ್ತಾರೆ. ನಾನೂ ಸುಮ್ಮನಿರುವುದಿಲ್ಲ. ಗಂಟಲು ಕೆರೆದು, ಮೂಗಿನಲ್ಲಿ ಒಂದು ಸ್ವರ ಸೇರಿಸಿ, ಅಪ್ಪನ ಮಾತನ್ನು ಅಪ್ಪನ ದನಿಯಲ್ಲೇ ಅಪ್ಪನಿಗೆ ಒಪ್ಪಿಸುತ್ತೇನೆ. ಅಮ್ಮ ಅಡುಗೆಮನೆಯಿಂದ ಇಬ್ಬರಿಗೂ ಸೇರಿಸಿ "ಹ್ಞೂಂ, ತಿಂಡಿಗೆ ಬನ್ನಿ" ಅನ್ನುತ್ತಾಳೆ.

ಇಂಥ ಮನೆಗೆ ಒಂದು ಭಾನುವಾರ ಹಡಗು ಬಂತು. ತಂದವರು ಸುಶೀಲತ್ತೆ. ಅಪ್ಪನ ಅಕ್ಕ, ಅರವತ್ತೆರಡು ವರ್ಷ, ಮದುವೆಯಾಗಿಲ್ಲ, ನಮ್ಮ ಮನೆಯ ಮಹಡಿಯ ಮೇಲೆ ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ಒಬ್ಬರೇ ಇರುತ್ತಾರೆ. ಕಾಮಾಕ್ಷಿಪಾಳ್ಯದ ಒಂದು ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಭೂಗೋಳ ಕಲಿಸಿ ನಿವೃತ್ತರಾದವರು. ಅವರು ಬಿಚ್ಚಿಟ್ಟ, ಟ್ರಾವೆಲ್ಸ್‌ನವರು ಕೊಟ್ಟ ಬಣ್ಣದ ಪುಸ್ತಕದ ತುಂಬ ನೀಲಿ ನೀರು, ಬಿಳಿ ಬೆಟ್ಟ, ನಡುವೆ ನಮ್ಮ ಪಕ್ಕದ ಕುರುಬರಹಳ್ಳಿಯಷ್ಟು ಜನ ಹಿಡಿಸುವ ಒಂದು ಹಡಗು. ಇಂಗ್ಲೆಂಡಿನಿಂದ ಹೊರಟು ನಾರ್ವೆ, ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್ ಸುತ್ತಿ ಬರಲು ಇಪ್ಪತ್ತನಾಲ್ಕು ದಿನ.

"ಬರೀ ನೀರು ನೋಡೋಕೆ ಅಷ್ಟು ದೂರ ಯಾಕಕ್ಕಾ?" ಎಂದರು ಅಪ್ಪ.

"ನೀರಲ್ವೋ, ಫಿಯೋರ್ಡು. ಹಿಮನದಿ ಕೊರೆದ ಕಣಿವೆಯೊಳಕ್ಕೆ ಸಮುದ್ರ ನುಗ್ಗಿರತ್ತೆ. ನಿಂಗೂ ಹೇಳ್ಕೊಟ್ಟಿದ್ನಲ್ಲೋ."

"ಅದು ಮೂರು ಮಾರ್ಕಿಂದು. ನಾನು ಚಾಯ್ಸಲ್ಲಿ ಬಿಟ್ಟಿದ್ದೆ."

ಅಮ್ಮನ ಚಿಂತೆ ಬೇರೆ. "ಅತ್ತಿಗೆ, ಅಲ್ಲಿ ಸಾರು ಅನ್ನ ಸಿಗತ್ತಾ? ಇಪ್ಪತ್ನಾಲ್ಕು ದಿನ ಬ್ರೆಡ್ ತಿಂದ್ರೆ ಹೊಟ್ಟೆ ಏನಾಗ್ಬೇಕು?" ಅಪ್ಪ ಅಷ್ಟರಲ್ಲಿ ಪುಸ್ತಕದ ಕೊನೆಯ ಪುಟಕ್ಕೆ ಹೋಗಿ ಬೆಲೆ ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು. ತಲೆಗೆ ಆರೂವರೆ ಲಕ್ಷ. ವಿಮಾನ ಬೇರೆ, ವೀಸಾ ಬೇರೆ, ಹಡಗಿನ ಆಳುಗಳಿಗೆ ದಿನವೂ ಕೊಡಬೇಕಾದ ಟಿಪ್ಸು ಬೇರೆ. ಅಪ್ಪನ ತುಟಿ ಅಲುಗಾಡಿತು. ಮೂರು ಮಾರ್ಕಿಗೆ ಭಾಗಿಸುತ್ತಿದ್ದರೋ ಸೈಟಿಗೆ ಗುಣಿಸುತ್ತಿದ್ದರೋ ದೇವರಿಗೇ ಗೊತ್ತು.

ಲೆಕ್ಕ ಹಾಕಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಕಂಪ್ಯೂಟರ್ ಬರುವವನೆಂಬ ಅಪವಾದ ನನ್ನ ಮೇಲಿದೆ. ಅತ್ತೆಯ ಪಕ್ಕ ಕೂತು ಟ್ರಾವೆಲ್ಸ್‌ನ ಹುಡುಗಿಗೆ ಫೋನು ಮಾಡಿದೆ. ಅವಳು ಜೇನಿನಂಥ ದನಿಯಲ್ಲಿ, "ಸರ್, ಆ ರೇಟು ಟ್ವಿನ್ ಶೇರಿಂಗಿಗೆ. ಮೇಡಂ ಒಬ್ರೇ ಆದ್ರೆ ಸಿಂಗಲ್ ಸಪ್ಲಿಮೆಂಟ್ ಬರತ್ತೆ. ಫ್ಲೈಟು, ವೀಸಾ ಎಲ್ಲ ಸೇರಿ ಹನ್ನೊಂದು ಲಕ್ಷ ಆಗ್ಬೋದು" ಎಂದಳು. ಅಂದರೆ ಹಡಗಿನ ಕೋಣೆಯಲ್ಲಿ ಎರಡು ಹಾಸಿಗೆ. ಒಂದರಲ್ಲಿ ಅತ್ತೆ ಮಲಗುತ್ತಾರೆ. ಇನ್ನೊಂದರಲ್ಲಿ ಯಾರೂ ಮಲಗುವುದಿಲ್ಲ. ಮಲಗದವರ ಬಾಡಿಗೆಯನ್ನು ಅತ್ತೆ ಕೊಡಬೇಕು.

"ಖಾಲಿ ಹಾಸಿಗೆಗೂ ದುಡ್ಡಾ?" ಎಂದರು ಅತ್ತೆ.

ನಾನು ಆ ಹುಡುಗಿಯ ದನಿಯಲ್ಲೇ, "ಹೌದು ಮೇಡಂ, ಅದೂ ಟಿಪ್ಸ್ ಕೇಳತ್ತೆ" ಎಂದೆ. ಅತ್ತೆ ನಕ್ಕರು. ನನ್ನ ಚೇಷ್ಟೆಗೆ ಮನಸಾರೆ ನಗುವವರು ಜಗತ್ತಿನಲ್ಲಿ ಅವರೊಬ್ಬರೇ. ಬೀದಿಯ ಗಣೇಶನ ಪೆಂಡಾಲಿನಲ್ಲಿ ನಾನು ಮಿಮಿಕ್ರಿ ಮಾಡುವಾಗ ಜನ ಪ್ರಸಾದ ಯಾವಾಗ ಕೊಡುತ್ತಾರೆಂದು ನೋಡುತ್ತಿರುತ್ತಾರೆ. ಆದರೆ ಆವತ್ತು ಅತ್ತೆಯ ನಗು ಅರ್ಧಕ್ಕೇ ನಿಂತಿತು. ಹನ್ನೊಂದು ಲಕ್ಷ ಅವರ ಬಳಿ ಇರಲಿಲ್ಲವೆಂದಲ್ಲ. ಇತ್ತು, ಅಷ್ಟೇ ಇತ್ತು. ಜೊತೆಗೆ ಬರುವ ಹೆಂಗಸು ಯಾರಾದರೂ ಸಿಕ್ಕರೆ ಹೇಳುತ್ತೇನೆ, ತಿಂಗಳ ಕೊನೆಯೊಳಗೆ ನಿರ್ಧರಿಸಿ ಎಂದು ಆ ಹುಡುಗಿ ಫೋನಿಟ್ಟಳು.

ಆಮೇಲಿನ ದಿನಗಳಲ್ಲಿ ಅತ್ತೆ ಹೋಗುವುದೋ ಬಿಡುವುದೋ ಎಂದು ತೂಗಿ ನೋಡತೊಡಗಿದರು. ಮೆಟ್ಟಿಲ ಮೇಲೆ ಕೂತು ಹುರುಳಿಕಾಯಿ ನಾರು ತೆಗೆಯುತ್ತ, "ಅಲ್ವೋ, ಅಷ್ಟು ಕೊಟ್ಟು ಹೋಗಿ, ಮೋಡ ಮುಚ್ಕೊಂಡಿದ್ರೆ?" ಅನ್ನುವರು. ಮರುದಿನ, "ಮಂಡಿ ನೋವು ಈಗ ತಡ್ಕೊಳ್ಳೋ ಹಾಗಿದೆ, ಇನ್ನೆರಡು ವರ್ಷಕ್ಕೆ ಹೆಂಗೋ" ಅನ್ನುವರು. ಜೊತೆ ಮಾತ್ರ ಸಿಗಲಿಲ್ಲ. ಹಳೆಯ ಸಹೋದ್ಯೋಗಿಗಳಲ್ಲಿ ಒಬ್ಬರಿಗೆ ಮೊಮ್ಮಗು, ಒಬ್ಬರಿಗೆ ಬಿ.ಪಿ., ಮತ್ತೊಬ್ಬರಿಗೆ ಯಜಮಾನರು. ಅತ್ತೆಯ ಮುಖ ದಿನದಿನಕ್ಕೆ ಸಣ್ಣಗಾಯಿತು. ನನಗೆ ಅದನ್ನು ನೋಡಲಾಗಲಿಲ್ಲ. ನೋಡಲಾಗದವರು ಬೇರೆ ಏನಾದರೂ ಒಳ್ಳೆಯ ಕೆಲಸ ಮಾಡುತ್ತಾರೆ. ನಾನು ಅಂಗಡಿಯ ಗೋಡೌನಿಗೆ ಹೋಗಿ, ಟೈಲ್ಸ್ ಪೆಟ್ಟಿಗೆಗಳ ಹಿಂದೆ ಕೂತು, ಗೋಡೌನಿನ ಮೊಬೈಲಿನಿಂದ ಅತ್ತೆಗೆ ಫೋನು ಮಾಡಿದೆ.

"ನಮಸ್ಕಾರ ರೀ, ನಾನು ವಿಜಯನಗರದಿಂದ ವಿಮಲಾ ಅಂತ. ಬ್ಯಾಂಕಿಂದ ರಿಟೈರ್ ಆಗಿದೀನಿ. ನಂಗೂ ಆ ಹಡಗಿನ ಹುಚ್ಚು ಹಿಡಿದಿದೆ. ಟ್ರಾವೆಲ್ಸ್ ಹುಡುಗಿ ನಿಮ್ಮ ನಂಬರ್ ಕೊಟ್ಲು. ಕೊಟ್ಲು ಅಂತ ಹೇಳ್ಬಿಟ್ಟೀರ, ಪಾಪ ಅವಳಿಗೆ ಬೈತಾರೆ."

ಎರಡು ನಿಮಿಷ ಆಟವಾಡಿಸಿ, "ಅತ್ತೆ, ನಾನೇ!" ಅನ್ನುವುದು ನನ್ನ ಯೋಜನೆ. ಆದರೆ ಅತ್ತೆ ಮೆಲ್ಲಗೆ, "ನೀವು ಗೊರಕೆ ಹೊಡೀತೀರಾ?" ಎಂದರು.

"ಇಲ್ಲ ರೀ" ಎಂದೆ.

"ನಾನು ಹೊಡೀತೀನಂತೆ. ಒಬ್ಳೇ ಇರೋದ್ರಿಂದ ಗ್ಯಾರಂಟಿ ಇಲ್ಲ" ಎಂದು ಅವರು ನಕ್ಕರು. ಆ ನಗು ಕೇಳಿದ ಮೇಲೆ "ನಾನೇ" ಅನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ನಾಳೆ ಅವರೇ ಫೋನು ಮಾಡಿದರು.

ಹೀಗೆ ಒಂಬತ್ತು ದಿನ ನಡೆಯಿತು. ಗಿರಾಕಿಗಳಿಗೆ ಬಾತ್‌ರೂಮಿನ ಟೈಲ್ಸ್ ತೋರಿಸುತ್ತಿದ್ದವನು ನಡುವೆ ಗೋಡೌನಿಗೆ ಓಡಿ ವಿಮಲಾ ಆಗಿ ಬರುತ್ತಿದ್ದೆ. ಒಮ್ಮೆ ಅವಸರದಲ್ಲಿ ಗಿರಾಕಿಗೇ "ಬನ್ನಿ ರೀ, ಕೂತ್ಕೊಳಿ" ಎಂದು ವಿಮಲಾ ಉಪಚಾರ ಮಾಡಿಬಿಟ್ಟೆ. ಪಾಪ ಆ ಮನುಷ್ಯ ಚೌಕಾಸಿ ಮಾಡದೆ ಕೇಳಿದಷ್ಟು ಕೊಟ್ಟು ಹೋದ. ವಿಮಲಾಳಿಗೆ ಒಬ್ಬ ಗಂಡ ಬೇಕಾದ, ಕೊಟ್ಟೆ. ಅವನನ್ನು ಹಡಗಿಗೆ ಕರೆದುಕೊಂಡು ಹೋಗುವಂತಿರಲಿಲ್ಲವಾದ್ದರಿಂದ ಮೂರು ವರ್ಷದ ಹಿಂದೆ ಹೃದಯಾಘಾತದಲ್ಲಿ ಸಾಯಿಸಿದೆ. ಅತ್ತೆ ಎಷ್ಟು ಚೆನ್ನಾಗಿ ಸಮಾಧಾನ ಹೇಳಿದರೆಂದರೆ, ಇಲ್ಲದ ಗಂಡನಿಗಾಗಿ ನಾನು ಸಿಮೆಂಟು ಧೂಳಿನಲ್ಲಿ ಕೂತು ಕಣ್ಣೊರೆಸಿಕೊಂಡೆ.

ನಮಗೆ ಮನೆಯಲ್ಲಿ ಎಂದೂ ಹೇಳದ್ದನ್ನು ಅತ್ತೆ ವಿಮಲಾಳಿಗೆ ಹೇಳಿದರು. "ಮೂವತ್ನಾಲ್ಕು ವರ್ಷ ಬೋರ್ಡ್ ಮೇಲೆ ಬರೆದೆ ರೀ, ಫಿಯೋರ್ಡಿನ ನೀರು ಆಳವಾಗಿಯೂ ಶಾಂತವಾಗಿಯೂ ಇರುತ್ತದೆ ಅಂತ. ಒಂದು ಹುಡುಗಿ ಎದ್ದು ನಿಂತು, 'ಮಿಸ್, ನೀವು ನೋಡಿದೀರಾ?' ಅಂತ ಕೇಳಿದ್ಲು. ಕೂತ್ಕೋ ಅಂತ ಗದರಿಸಿಬಿಟ್ಟೆ. ಒಂದ್ಸಲ ನೋಡ್ಕೊಂಡು ಬಂದ್ಬಿಡಬೇಕು. ಅಷ್ಟು ಮಕ್ಕಳಿಗೆ ಸುಳ್ಳು ಹೇಳಿದೀನಾ ಅಂತ." ಆಮೇಲೆ ನನ್ನ ಬಗ್ಗೆಯೂ ಹೇಳಿದರು. "ಕೆಳಗಡೆ ನನ್ನ ತಮ್ಮನ ಮಗ ಇದಾನೆ. ಎಲ್ಲರ ದನಿ ತೆಗೀತಾನೆ. ಒಳ್ಳೇ ಹುಡುಗ, ಸ್ವಲ್ಪ ಅರ್ಧಂಬರ್ಧ." ವಿಮಲಾ ಗಂಭೀರವಾಗಿ, "ಹೋಗ್ಲಿ ಬಿಡಿ, ವಯಸ್ಸು" ಎಂದಳು.

ಹತ್ತನೆಯ ದಿನ ನಾನು ಮನೆಗೆ ಬಂದಾಗ ಅತ್ತೆ ಮಂಚದ ಮೇಲೆ ಉಣ್ಣೆಯ ಕಾಲುಚೀಲ ಹರಡಿಕೊಂಡು ಕೂತಿದ್ದರು. ಎರಡು ಜೊತೆ ಬೂದು ಬಣ್ಣದ್ದು, ಎರಡು ಜೊತೆ ಕೆಂಪು.

"ಕೆಂಪಿಂದು ವಿಮಲಾ ಅವ್ರಿಗೆ. ನಾಳೆ ಸ್ಕೂಟರಲ್ಲಿ ವಿಜಯನಗರಕ್ಕೆ ಬಿಡ್ತೀಯೇನೋ? ಬೇಡ ಬೇಡ ಅಂತಾರೆ, ನಾನೇ ಹೋಗಿ ಮನೆ ಹುಡುಕ್ಬಿಡ್ತೀನಿ. ನಾಡಿದ್ದು ಇಬ್ರೂ ಒಟ್ಟಿಗೆ ಹೋಗಿ ಅಡ್ವಾನ್ಸ್ ಕಟ್ಟೋದು."

ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಹೇಳಿದೆ. ಹೇಗೆ ಹೇಳಿದೆ ಎಂದು ಇಲ್ಲಿ ಬರೆಯುವಷ್ಟು ಧೈರ್ಯ ನನಗಿಲ್ಲ. ನಂಬದೆ ಅವರು ನನ್ನ ಮುಖವನ್ನೇ ನೋಡುತ್ತಿದ್ದುದರಿಂದ ಕೊನೆಗೆ ಒಂದು ವಾಕ್ಯವನ್ನು ವಿಮಲಾಳ ದನಿಯಲ್ಲಿ ಆಡಿ ತೋರಿಸಬೇಕಾಯಿತು. ಅದೊಂದನ್ನು ಮಾಡಬಾರದಿತ್ತು. ಅತ್ತೆ ಬೈಯಲಿಲ್ಲ, ಅಳಲಿಲ್ಲ. ಕೆಂಪು ಕಾಲುಚೀಲಗಳನ್ನು ಒಂದರೊಳಗೊಂದು ಮಡಚಿದರು. ಆಮೇಲೆ, "ಆ ಗಂಡನ್ನ ಯಾಕೆ ಸಾಯಿಸಿದ್ಯೋ? ನಾನು ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ" ಎಂದರು.

ಇಲ್ಲಿಗೇ ಮುಗಿದಿದ್ದರೆ ನಾನು ಒಬ್ಬ ಸಾಮಾನ್ಯ ಅಯೋಗ್ಯನಾಗಿ ಉಳಿದುಕೊಳ್ಳುತ್ತಿದ್ದೆ. ನಾಲ್ಕು ದಿನ ಕಳೆದ ಮೇಲೆ, ಬೆಳಿಗ್ಗೆ, ಕೆಳಗೆ ದೋಸೆ ತಿನ್ನುತ್ತ ಕೂತಿದ್ದೆ. ಮೇಲೆ ಅತ್ತೆಯ ಫೋನು ಬಡಿದುಕೊಂಡಿತು. ಅವರು "ಹಲೋ" ಅಂದದ್ದು ಕೇಳಿಸಿತು. ಆಮೇಲೆ ಇಡೀ ಬೀದಿಗೆ ಕೇಳುವಂತೆ ಅತ್ತೆಯ ತರಗತಿಯ ದನಿ:

"ಸಾಕು ನಿಲ್ಸೋ ಕತ್ತೆ! ನಾಚ್ಕೆ ಆಗಲ್ವಾ ನಿಂಗೆ? ಈಗ ಮೈಸೂರಿಂದ ಗಿರಿಜಾನಾ? ಗಿರಿಜಂಗೆ ಎಷ್ಟು ಜನ ಗಂಡಂದ್ರೋ? ಎಲ್ರನ್ನೂ ಸಾಯ್ಸಿದ್ಯಾ, ಇನ್ನೂ ಒಬ್ರು ಉಳ್ಕೊಂಡಿದಾರಾ? ಆ ವಿಮಲಾನೇ ವಾಸಿ, ಅದ್ರಲ್ಲಿ ಸ್ವಲ್ಪ ಮರ್ಯಾದೆ ಇತ್ತು. ಇದೇನೋ ಇದು, ತೂತು ಕೊಳಾಯಿ ಥರ ದನಿ!"

ಬೈಯುತ್ತ ಬೈಯುತ್ತಲೇ ನನ್ನನ್ನು ಹುಡುಕಿಕೊಂಡು ಮೆಟ್ಟಿಲಿಳಿದು ಬಂದರು, ಕಿವಿಯಲ್ಲಿ ಫೋನು ಹಾಗೇ ಇದೆ. ಕೊನೆಯ ಮೂರು ಮೆಟ್ಟಿಲು ಉಳಿದಿರುವಾಗ ಅವರಿಗೆ ನಾನು ಕಂಡೆ. ಬಾಯಲ್ಲಿ ದೋಸೆ, ಬಲಗೈಯಲ್ಲಿ ಚಟ್ನಿ, ಎಡಗೈಯಲ್ಲಿ ನೀರಿನ ಲೋಟ. ನನ್ನ ಫೋನು ಟಿ.ವಿ.ಯ ಪಕ್ಕ ಚಾರ್ಜಿಗೆ ಹಾಕಿತ್ತು. ಅತ್ತೆ ನನ್ನನ್ನು ನೋಡಿದರು, ಫೋನನ್ನು ನೋಡಿದರು. ಅದರೊಳಗಿಂದ ಮೈಸೂರಿನ ಗಿರಿಜಾ ಎಂಬ ನಿಜವಾದ ಹೆಂಗಸಿನ ನಿಜವಾದ ಸಿಟ್ಟು ನನ್ನ ತಟ್ಟೆಯವರೆಗೂ ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು.

ಅತ್ತೆ ಮತ್ತೆ ಮತ್ತೆ ಫೋನು ಮಾಡಿದರು, ಆಕೆ ತೆಗೆಯಲಿಲ್ಲ. ಮಧ್ಯಾಹ್ನ ಟ್ರಾವೆಲ್ಸ್‌ನ ಹುಡುಗಿ ಫೋನು ಮಾಡಿದಾಗ ಅವಳ ದನಿಯಲ್ಲಿ ಜೇನು ಇರಲಿಲ್ಲ. ಆ ಮೇಡಂ ತುಂಬಾ ಬೇಜಾರು ಮಾಡಿಕೊಂಡರು, ಇನ್ನೊಬ್ಬರ ಜೊತೆ ಸೇರಿಕೊಂಡು ಬುಕ್ ಮಾಡಿಸಿಯೂ ಆಯಿತು, ಈಗ ಸಿಂಗಲ್ ಒಂದೇ ದಾರಿ, ಶನಿವಾರ ಕೊನೆ ಎಂದಳು.

ಆ ಸಂಜೆ ನಮ್ಮ ಮನೆಯಲ್ಲಿ ಎಂದೂ ಆಗದ್ದು ಆಯಿತು. ಅಪ್ಪ ಮಹಡಿ ಹತ್ತಿ ಹೋಗಿ, ಗಂಟಲು ಕೆರೆದು, ಸೈಟಿನ ಸುದ್ದಿಯನ್ನೇ ಎತ್ತದೆ, "ಅಕ್ಕಾ, ಆ ಎರಡನೇ ಹಾಸಿಗೆ ದುಡ್ಡು ನಾನ್ ಕೊಡ್ತೀನಿ, ನೀನು ಹೋಗ್ಬಾ" ಎಂದರು. ಬಾಗಿಲ ಹೊರಗೆ ನಿಂತಿದ್ದ ನನಗೆ ನನ್ನ ಅಪ್ಪನ ದನಿಯೇ ಗುರುತು ಸಿಗಲಿಲ್ಲ. ಇಷ್ಟು ವರ್ಷ ಯಾರನ್ನು ಅಣಕಿಸುತ್ತಿದ್ದೆನೋ.

"ದುಡ್ಡಿಂದಲ್ವೋ" ಎಂದರು ಅತ್ತೆ. "ಖಾಲಿ ಹಾಸಿಗೆ ಪಕ್ಕ ಮಲಗೋಕೆ ಗ್ರೀನ್‌ಲ್ಯಾಂಡ್‌ಗೆ ಯಾಕೆ ಹೋಗ್ಬೇಕು? ಅದು ಇಲ್ಲೇ ಇದೆ, ಬಾಡಿಗೆ ಕೂಡ ಇಲ್ಲ. ಮೊದಲಾದ್ರೆ ಒಬ್ಳೇ ಹೋಗ್ಬಿಡ್ತಿದ್ದೆನೋ ಏನೋ. ಆ ಒಂಬತ್ತು ದಿನ ಮಾತಾಡಿ ಮಾತಾಡಿ, ಈಗ ಆಗಲ್ಲ."

ಶನಿವಾರ ಬಂತು, ಹೋಯಿತು. ಸೋಮವಾರ ಅತ್ತೆ ಬ್ಯಾಂಕಿಗೆ ಹೋಗಿ ಆ ಹಣವನ್ನೆಲ್ಲ ಐದು ವರ್ಷಕ್ಕೆ ಠೇವಣಿ ಇಟ್ಟು ಬಂದರು. ಬೆಲೆಯೆಷ್ಟು, ಮೌಲ್ಯವೆಷ್ಟು ಎಂದು ನಾನು ಕಂಪ್ಯೂಟರಿನಲ್ಲಿ ಮಾಡಿಕೊಟ್ಟಿದ್ದ ಪಟ್ಟಿ ಹುಡುಕಿ ನೋಡಿದೆ. ವಿಮಾನ, ವೀಸಾ, ವಿಮೆ, ಟಿಪ್ಸು, ಸ್ವೆಟರು, ಎಲ್ಲ ಇತ್ತು. ನನ್ನಿಂದಾದ ನಷ್ಟ ಬರೆಯಲು ಅದರಲ್ಲಿ ಸಾಲೇ ಇರಲಿಲ್ಲ.

ಅದೇ ಸಂಜೆ ಮೇಲೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ, ಅಲ್ಲಿ ಒಂದೂ ಉಳಿಯಲಿಲ್ಲ. ಯಾರ ಮೂಗೂ ಸೇರಿಸದೆ, ಯಾರ ಗಂಟಲೂ ಕೆರೆಯದೆ, ಹೇಗೆ ಬಂತೋ ಹಾಗೆ, "ಅತ್ತೆ, ತಪ್ಪಾಯ್ತು. ನಾನು ಮಾಡಿದ್ದು ಆಟ ಅಲ್ಲ, ಅನ್ಯಾಯ. ಕ್ಷಮಿಸಿ" ಎಂದೆ. ದನಿ ನಡುವೆ ಒಡೆಯಿತು ಕೂಡ.

ಅತ್ತೆ ಮಾಡುತ್ತಿದ್ದ ಕೆಲಸ ಬಿಟ್ಟು, ತಲೆ ಒಂದಿಷ್ಟು ಓರೆ ಮಾಡಿ, ಪೂರ್ತಿ ಕೇಳಿಸಿಕೊಂಡರು. ಹಿಂದಿನಂತೆಯೇ ಅವರ ಮುಖದಲ್ಲಿ ಒಂದು ಸಣ್ಣ ಮೆಚ್ಚುಗೆ ಮೂಡಿತು.

"ಚೆನ್ನಾಗಿ ಬಂದಿದೆ ಕಣೋ" ಎಂದರು. "ಇದು ಯಾರ ದನಿ?"